ಪ್ರೊಫೆಸರ್ ತೊಪಾಲೊವ್ ಅವರ ಸಹಿ

ಜೂನ್ ಮೂರು, ಸೋಮವಾರ, ಬೆಳಿಗ್ಗೆ ಒಂಬತ್ತೂಕಾಲು. ಸಿಲಿಸ್ತ್ರಾ ಠಾಣೆಯ ಇನ್‌ಸ್ಪೆಕ್ಟರ್ ಸ್ತಾನ್ಕಾ ಮುತಾಫೊವಾ ಕಾಫಿಗೆ ಇನ್ನೂ ಸಕ್ಕರೆ ಹಾಕಿರಲಿಲ್ಲ. ಅಷ್ಟರಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಒಳಗೆ ಬಂದವರೇ, ಕೂತ್ಕೊಳ್ಳಿ ಎನ್ನುವ ಮೊದಲೇ ಕೂತರು. ಕೈಚೀಲವನ್ನು ಎರಡೂ ಕೈಯಿಂದ ಹೊಟ್ಟೆಗೆ ಅವುಚಿಕೊಂಡಿದ್ದರು.

“ಕೊಸ್ತಾದಿಂಕಾ ರಾಲ್ಚೆವಾ ಅಂತ. ಭೂಮಿ ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್.ಡಿ. ಪ್ರವೇಶದ ಕಾರ್ಯದರ್ಶಿ. ಒಬ್ಬರು ಕಾಣೆಯಾಗಿದ್ದಾರೆ ಅಂತ ದೂರು ಕೊಡ್ಬೇಕು. ಆದ್ರೆ ಅವರು ಕಾಣೆಯಾಗಿದ್ದಾರೆ ಅಂತ ನನ್ನ ಬಿಟ್ಟು ಇನ್ಯಾರಿಗೂ ಅನ್ನಿಸಿಲ್ಲ.”

“ಯಾರು?”

“ಪ್ರೊಫೆಸರ್ ಲ್ಯುಬೆನ್ ತೊಪಾಲೊವ್. ಎಂಬತ್ತೊಂದು ವರ್ಷ. ನಮ್ಮಲ್ಲೇ ಮಣ್ಣಿನ ಪಾಠ ಹೇಳಿ ನಿವೃತ್ತರಾದವರು. ದೋಲ್ನಾ ಕೊಪ್ರಿವಾ ಹಳ್ಳಿಯಲ್ಲಿದ್ದಾರೆ.”

“ಕೊನೆಗೆ ಯಾವಾಗ ನೋಡಿದ್ರಿ?”

“ಮಾರ್ಚಿನಲ್ಲಿ.”

“ಆಮೇಲೆ ಸುದ್ದಿ ಇಲ್ವಾ?”

“ಇದೆ. ಅದೇ ನನಗೆ ಹೆದರಿಕೆ. ಮೇ ಇಪ್ಪತ್ತೆರಡಕ್ಕೆ ಅವರ ಶಿಫಾರಸು ಪತ್ರ ಬಂತು. ಸಹಿ ಇದೆ. ಖಚಿತ ಮಾಡ್ಕೊಳ್ಳೋಕೆ ಫೋನ್ ಮಾಡಿದೆ, ಎತ್ತಲಿಲ್ಲ. ‘ಗಂಟಲು ಕಟ್ಟಿದೆ, ಮಾತಾಡಲಾರೆ, ಪತ್ರ ನನ್ನದೇ’ ಅಂತ ಮೆಸೇಜ್ ಬಂತು.”

“ಸರಿಯಾಗೇ ಇದೆಯಲ್ಲ?”

“ಮೇ ಇಪ್ಪತ್ತೊಂದು ಸಂತ ಕೊಸ್ತಾದಿನ್ ದಿನ, ನನ್ನ ಹೆಸರಿನ ಹಬ್ಬ ಇನ್‌ಸ್ಪೆಕ್ಟರ್. ಇಪ್ಪತ್ತೆಂಟು ವರ್ಷದಿಂದ ಆ ದಿನ ಬೆಳಿಗ್ಗೆ ಮೊದಲ ಫೋನು ಅವರದೇ. ಎದೆನೋವಾಗಿ ಆಸ್ಪತ್ರೆಯಲ್ಲಿ ಮಲಗಿದ್ದ ವರ್ಷ ಕೂಡ ನರ್ಸ್ ಕೈಯಲ್ಲಿ ಮಾಡಿಸಿದ್ರು. ಈ ವರ್ಷ ಇಲ್ಲ. ಮಾರನೇ ದಿನ ಬಂದ ಪತ್ರದಲ್ಲಿ ನನ್ನನ್ನ ‘ಗೌರವಾನ್ವಿತ ಶ್ರೀಮತಿ ರಾಲ್ಚೆವಾ’ ಅಂತ ಕರೆದಿದ್ದಾರೆ. ಆ ಮುದುಕ ಜನ್ಮದಲ್ಲಿ ನನ್ನ ಶ್ರೀಮತಿ ಅಂದವರಲ್ಲ. ‘ಏ ಹುಡುಗಿ’ ಅಂತಲೇ. ನನಗೀಗ ಮೊಮ್ಮಗ ಹುಟ್ಟಿದಾನೆ.”

ಬಾಗಿಲ ಬಳಿ ನಿಂತಿದ್ದ ಸಾರ್ಜೆಂಟ್ ಗೆಂಚೊ ಕಿಸಕ್ಕೆಂದ. ಮುತಾಫೊವಾ ತಿರುಗಿ ನೋಡಿದ ಮೇಲೆ ಕೆಮ್ಮಿದಂತೆ ಮಾಡಿದ.

“ಪತ್ರ ಯಾರಿಗೋಸ್ಕರ?”

“ಜೋರ್ನಿತ್ಸಾ ಪೆಂಚೆವಾ. ಇಪ್ಪತ್ತೊಂಬತ್ತು ವರ್ಷ. ಅವರ ಹಳೇ ವಿದ್ಯಾರ್ಥಿನಿ. ಎರಡು ವರ್ಷದಿಂದ ಅವರ ಮನೆ ಮಹಡಿ ಮೇಲಿದ್ದುಕೊಂಡು ಅವರನ್ನ ನೋಡ್ಕೊಳ್ತಿದಾಳೆ. ಅವರಿಗೆ ನಮ್ಮವರು ಅಂತ ಬೇರೆ ಯಾರೂ ಇಲ್ಲ. ನಮ್ಮಲ್ಲಿ ಈ ವರ್ಷ ಸರ್ಕಾರಿ ವೇತನದ್ದು ಒಂದೇ ಸೀಟು. ನಾಳಿದ್ದು ಬುಧವಾರ ಅವಳಿಗೆ ಸಂದರ್ಶನ.”

ಮುತಾಫೊವಾ ದೂರು ಬರೆದುಕೊಂಡು ಮೇಲಧಿಕಾರಿಯ ಕೋಣೆಗೆ ಹೋದರು. ಆತ ಓದಿ ಕಾಗದವನ್ನು ಮೇಜಿನ ಮೇಲೆ ಒಗೆದ.

“ಹಬ್ಬಕ್ಕೆ ಫೋನ್ ಮಾಡ್ಲಿಲ್ಲ ಅಂತ ಎಫ್‌ಐಆರ್ ಹಾಕ್ತೀಯೇನಮ್ಮಾ? ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದಂಗಾಯ್ತು ಇದು. ಗುಡ್ಡ ಅಗೆದು ಇಲಿ ಹಿಡಿಯೋ ಕೆಲಸ.”

“ಅಗೆಯೋದು ಬೇಡ ಸಾರ್. ಸುಮ್ಮನೆ ಹೋಗಿ ನೋಡಿ ಬರ್ತೀನಿ.”

“ಹೋಗು ಹೋಗು. ನೀನು ಬೇಡ ಅಂದ್ರೆ ಬಿಡೋಳಲ್ಲ.”

ಬಿಡುವವರಲ್ಲ, ನಿಜ. ಠಾಣೆಯಲ್ಲಿ ಮುತಾಫೊವಾ ಅವರ ಬಗ್ಗೆ ಒಂದು ಕತೆಯೇ ಇತ್ತು: ಮದುವೆಯಾದ ಹೊಸತರಲ್ಲಿ ಅತ್ತೆ ಚೀಸು ತುಂಬಿದ ಬಾನಿತ್ಸಾ ಮಾಡಿ ಬಡಿಸಿ, ಹೇಗಿದೆ ಮಗಳೇ ಎಂದರಂತೆ. ಹಿಟ್ಟು ಬೆಂದಿಲ್ಲ ಎಂದರಂತೆ ಈಕೆ. ಇಪ್ಪತ್ತು ವರ್ಷವಾಯಿತು, ಆ ಅತ್ತೆ ಇವತ್ತಿಗೂ ಈಕೆಗೆ ಬಾನಿತ್ಸಾ ಬಡಿಸಿಲ್ಲ. “ನಮ್ಮ ಮೇಡಂ ಬಾಯಲ್ಲಿ ಸುಳ್ಳು ಬರಲ್ಲ, ಅನ್ನನಾಳಕ್ಕೇ ಅಂಟ್ಕೊಳುತ್ತೆ” ಎಂದು ಗೆಂಚೊ ಎಲ್ಲರೆದುರೂ ಹೇಳುತ್ತಿದ್ದ. ಆರೋಪಿಗಳ ಬಾಯಿ ಬಿಡಿಸಲೂ ಆಕೆ ಸುಳ್ಳು ಹೇಳಿದ್ದಿಲ್ಲ. ಅದೊಂದು ಹಟ.

ಜೂನ್ ನಾಲ್ಕು, ಮಂಗಳವಾರ. ದೋಲ್ನಾ ಕೊಪ್ರಿವಾದಲ್ಲಿ ಅರ್ಧ ಮನೆಗಳಿಗೆ ಬೀಗ. ಎಪ್ರಿಕಾಟ್ ಮರಗಳಲ್ಲಿ ಕಾಯಿ ಇನ್ನೂ ಹಸಿರು. ಪ್ರೊಫೆಸರರ ಮನೆಯ ಗೇಟಿಗೆ ಬಿಸಿಲಿಗೆ ಬಿಳಿಚಿಕೊಂಡ ಶ್ರದ್ಧಾಂಜಲಿ ಹಾಳೆಯೊಂದು ಅಂಟಿತ್ತು. ಮುತಾಫೊವಾ ಅಭ್ಯಾಸಬಲದಿಂದ ಓದಿದರು. ‘ನಮ್ಮನ್ನಗಲಿ ಎರಡು ವರ್ಷ. ಸ್ತೋಯ್ನಾ ಪೆಂಚೆವಾ. ನವೆಂಬರ್ ಒಂಬತ್ತು. ಮಗಳು ಜೋರ್ನಿತ್ಸಾ.’ ಚೌಕಾಕಾರದ ಚಿತ್ರದಲ್ಲಿ ತಲೆಗೆ ಬಟ್ಟೆ ಕಟ್ಟಿದ ಹೆಂಗಸು ನಗುತ್ತಿದ್ದಳು.

ಗೇಟು ತೆರೆದವಳು ಆ ಮಗಳು ಜೋರ್ನಿತ್ಸಾಳೇ. ಎತ್ತರದ, ತೆಳ್ಳಗಿನ ಹುಡುಗಿ, ಕೈಬೆರಳ ಉಗುರುಗಳಲ್ಲಿ ಮಣ್ಣು. ಪೊಲೀಸರನ್ನು ಕಂಡು ಬೆಚ್ಚಲಿಲ್ಲ. ಅಷ್ಟು ಬೆಚ್ಚದಿರುವುದೇ ಮುತಾಫೊವಾ ಅವರಿಗೆ ಹಿಡಿಸಲಿಲ್ಲ.

“ಪ್ರೊಫೆಸರ್ ಎಲ್ಲಿ?”

“ಹಿಸಾರ್ಯಾಕ್ಕೆ ಹೋಗಿದಾರೆ. ಬಿಸಿನೀರಿನ ಚಿಕಿತ್ಸೆಗೆ. ಮಂಡಿನೋವು.”

“ಯಾವಾಗ ಹೋದ್ರು?”

“ಏಪ್ರಿಲ್ ಮಧ್ಯದಲ್ಲಿ.”

“ಯಾವ ಚಿಕಿತ್ಸಾಲಯ?”

“ಹೆಸರು ನೆನಪಿಲ್ಲ. ಅವರ ಸ್ನೇಹಿತರು ಯಾರೋ ಕಾರಲ್ಲಿ ಕರ್ಕೊಂಡು ಹೋದ್ರು.”

“ಶಿಫಾರಸು ಪತ್ರ ಯಾವಾಗ ಬರೆದ್ರು?”

“ಹೋಗೋ ಮೊದಲೇ. ಕಳಿಸೋದು ಮಾತ್ರ ನಾನು ತಡ ಮಾಡಿದೆ.” ಅವಳು ಸ್ವಲ್ಪ ನಕ್ಕಳು. “ಲಿಂಡನ್ ಹೂವಿನ ಚಹಾ ಮಾಡ್ಲಾ? ಹೊಸ ಹೂವು, ನಿನ್ನೆ ಬಿಡಿಸಿದ್ದು.”

“ಬೇಡ.”

ಗೆಂಚೊ ಬೇಕು ಎನ್ನುವಷ್ಟರಲ್ಲಿ ಮಾತು ಮುಗಿದಿತ್ತು. ಹೊರಗೆ ಬಂದ ಮೇಲೆ ಆತ ಹಿಸಾರ್ಯಾದ ಚಿಕಿತ್ಸಾಲಯಗಳಿಗೆ ಒಂದೊಂದಾಗಿ ಫೋನ್ ಮಾಡುತ್ತ ಜೀಪಿಗೆ ಒರಗಿ ನಿಂತ. ತೊಪಾಲೊವ್ ಎನ್ನುವ ರೋಗಿ ಎಲ್ಲೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೊಬೈಲ್ ಕಂಪನಿಯಿಂದ ಉತ್ತರ ಬಂತು: ಗಂಟಲು ಕಟ್ಟಿದೆ ಎಂಬ ಮೆಸೇಜು ಹೊರಟದ್ದು ಹಿಸಾರ್ಯಾದಿಂದಲ್ಲ, ಇದೇ ಹಳ್ಳಿಯ ಮೊಬೈಲ್ ಟವರಿನಿಂದ. ಅಂಚೆ ಕಚೇರಿಯಲ್ಲಿ ವಿಚಾರಿಸಿದರೆ ಮೇ ತಿಂಗಳ ಪಿಂಚಣಿ ಯಾರೂ ತೆಗೆದಿಲ್ಲ.

“ದುಡ್ಡಿಗಾಗಿ ಅಲ್ಲ ಹಾಗಾದ್ರೆ,” ಎಂದ ಗೆಂಚೊ.

“ದುಡ್ಡಿಗಾಗಿ ಆಗಿದ್ರೆ ಚೆನ್ನಾಗಿತ್ತು ಗೆಂಚೊ. ದುಡ್ಡಿನ ಆಸೆಗಾದ್ರೆ ಒಂದು ಮಿತಿ ಇರುತ್ತೆ,” ಎಂದರು ಮುತಾಫೊವಾ. ಮುದುಕರು ಎಲ್ಲೋ ಒಂದು ಕೋಣೆಯಲ್ಲಿ ಬೀಗದೊಳಗೆ ಬದುಕಿರಬಹುದೇ ಎಂಬ ಯೋಚನೆ ಬೆಳಗಿನಿಂದ ಅವರನ್ನು ಕೊರೆಯುತ್ತಿತ್ತು. ಬದುಕಿದ್ದರೆ ಪ್ರತಿ ಗಂಟೆಯೂ ಅಮೂಲ್ಯ. ಆದರೆ ಪ್ರಾಸಿಕ್ಯೂಟರನ ಆದೇಶವಿಲ್ಲದೆ ಮನೆ ಜಾಲಾಡುವಂತಿಲ್ಲ. ಪತ್ರದ ಮೇಲಿನ ಅನುಮಾನವೊಂದಕ್ಕೆ ಯಾವ ಪ್ರಾಸಿಕ್ಯೂಟರನೂ ಆದೇಶ ಕೊಡುವುದಿಲ್ಲ.

ಪಕ್ಕದ ಮನೆಯಲ್ಲಿ ವೆಲಿಚ್ಕಾ ಎಂಬ ಅಜ್ಜಿ. ಎಂಬತ್ತರ ಮೇಲಿರಬೇಕು. ಅಂಗಳದಲ್ಲಿ ಬೆಂಚಿನ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು. ಗೆಂಚೊ ಕೇಳದೆಯೇ ಪಕ್ಕಕ್ಕೆ ಕೂತು ತಾನೂ ಸುಲಿಯತೊಡಗಿದ. ಸುಲಿದದ್ದಕ್ಕಿಂತ ಬಾಯಿಗೆ ಹಾಕಿಕೊಂಡದ್ದೇ ಹೆಚ್ಚು.

“ತಿನ್ನು ಮಗಾ ತಿನ್ನು, ಪೊಲೀಸಿನವರಿಗೆ ಸಂಬಳ ಸಾಲ್ದು ಅಂತ ಟೀವೀಲಿ ಹೇಳ್ತಾರೆ,” ಎಂದಳು ಅಜ್ಜಿ.

“ಪ್ರೊಫೆಸರ್ ಹೋಗೋದನ್ನ ನೋಡಿದ್ಯಾ ಅಜ್ಜಿ?” ಮುತಾಫೊವಾ ಕೇಳಿದರು.

“ಇಲ್ಲಮ್ಮ. ಹೋದ ಮೇಲೆ ಹುಡುಗಿ ಹೇಳಿದ್ಲು. ಹೇಳದೆ ಹೋದ್ನಲ್ಲಾ ಅಂತ ನಂಗೆ ಬೇಜಾರಾಯ್ತು. ಕೋಲಿನ ಸದ್ದು ನಿಂತಾಗ್ಲೇ ಗೊತ್ತಾಯ್ತು, ಮನೇಲಿಲ್ಲ ಅಂತ.”

“ಏನು ಕೋಲಿನ ಸದ್ದು?”

“ಅವನಿಗೆ ಏನಾರ ಬೇಕಾದ್ರೆ ಕುರ್ಚಿಲಿ ಕೂತ್ಕೊಂಡೇ ತಲೆ ಮೇಲಿನ ಹಲಗೆಗೆ ಕೋಲಲ್ಲಿ ಕುಟ್ಟೋನು, ಅವಳು ಮಹಡಿಯಿಂದ ಇಳಿದು ಬರ್ಲಿ ಅಂತ. ಸಿಟ್ಟು ಬಂದ್ರೂ ಅದೇ, ಹಸಿವಾದ್ರೂ ಅದೇ. ನಮ್ಮನೆಗೂ ಕೇಳೋದು. ಆ ಹುಡುಗಿ ತಾಳ್ಮೆ ದೊಡ್ಡದು ಬಿಡು. ಬಂಗಾರದಂಥಾ ಹುಡುಗಿ. ಮೊನ್ನೆ ಗೋಧಿ ಕೂಡ ಹಂಚಿದ್ಲು.”

ಮುತಾಫೊವಾ ಏಳಲು ಹೊರಟವರು ಹಾಗೇ ಕೂತರು.

“ಬೇಯಿಸಿದ ಗೋಧಿಯಾ? ಸತ್ತವರ ಹೆಸರಲ್ಲಿ ಕೊಡೋದು?”

“ಹೂಂ. ಮೇಲೆ ಸಕ್ಕರೆ, ಅಕ್ರೋಟು. ಚೆನ್ನಾಗಿ ಮಾಡಿದ್ಲು, ಒಂದು ಕಾಳೂ ಒಡೆದಿರಲಿಲ್ಲ. ಬೀದೀಲಿ ಇದ್ದ ನಾಲ್ಕೂ ಮನೆಗೆ ಕೊಟ್ಲು.”

“ಯಾರ ಹೆಸರು ಹೇಳಿದ್ಲು?”

“ಹೆಸರು ಹೇಳ್ದೆ ಕೊಟ್ರೆ ಆತ್ಮಕ್ಕೆ ಮುಟ್ಟಲ್ವಲ್ಲ. ಕೇಳಿದೆ ನಾನು. ಲೋಟದ ಮೇಲಿನ ಸಕ್ಕರೆ ಸವರಿ ಸಮ ಮಾಡಿದ್ಲು. ಆಮೇಲೆ ‘ಅಮ್ಮಂಗೆ’ ಅಂದ್ಲು. ಪಾಪ, ತಾಯಿ ನೆನಪಾಗಿರ್ಬೇಕು. ದೇವರು ಕ್ಷಮಿಸ್ಲಿ ಅಂತ ಹೇಳಿ ತಿಂದೆ.”

“ಅಮ್ಮ ತೀರ್ಕೊಂಡಿದ್ದು ನವೆಂಬರಲ್ಲಿ.”

“ಹೂಂ, ನವೆಂಬರಲ್ಲೇ. ಆವಾಗ್ಲೂ ಹಂಚ್ತಾಳೆ, ಪ್ರತಿ ವರ್ಷ.” ಅಜ್ಜಿಯ ಕೈ ಬಟಾಣಿಯ ಮೇಲೆ ನಿಂತಿತು. “ಎಲ್ಲರೂ ಗೋಧಿ ಹಂಚೋ ಸತ್ತವರ ಶನಿವಾರಾನೂ ಅಲ್ಲ ಅದು. ಅದಿನ್ನೂ ಬರ್ಬೇಕು.”

“ಯಾವ ದಿನ ಅಜ್ಜಿ? ನೆನಪು ಮಾಡ್ಕೊ.”

“ಕೊಸ್ತಾದಿನ್ ಹಬ್ಬದ ಹಿಂದಿನ ದಿನ. ಮೊಮ್ಮಗ ಕೊಸ್ತಾನಿಗೆ ಅಂತ ನಾನು ಕೇಕು ಮಾಡ್ತಿದ್ದೆ, ಕೈಯೆಲ್ಲ ಹಿಟ್ಟು. ಅವಳೇ ಲೋಟ ತಂದು ಕಿಟಕೀಲಿಟ್ಟು ಹೋದ್ಲು.”

ಮೇ ಇಪ್ಪತ್ತು. ಮುತಾಫೊವಾ ಜೀಪಿನಲ್ಲಿ ಕೂತು ಬೆರಳ ಗೆಣ್ಣುಗಳ ಮೇಲೆ ಹಿಂದಕ್ಕೆ ಎಣಿಸಿದರು. ನಮ್ಮಲ್ಲಿ ತಾಯಿ ತಂದೆಗೆ ಗೋಧಿ ಬೇಯಿಸದವನೂ ಎಣಿಸಬಲ್ಲ ಲೆಕ್ಕ ಅದು: ಒಂಬತ್ತನೆಯ ದಿನ, ನಲವತ್ತನೆಯ ದಿನ, ಆರು ತಿಂಗಳು, ವರ್ಷ. ನಲವತ್ತು ದಿನ ಆತ್ಮ ಮನೆ ಬಿಟ್ಟು ಹೋಗುವುದಿಲ್ಲ; ತನ್ನ ಹಾಸಿಗೆ, ತನ್ನ ಮರ, ತನ್ನ ಬಟ್ಟಲು ಎಲ್ಲವನ್ನೂ ಸುತ್ತಿ ನೋಡಿ, ನಲವತ್ತನೆಯ ದಿನ ಗೋಧಿ ತಿಂದು ಹೊರಡುತ್ತದೆ. ಎಣಿಕೆ ಏಪ್ರಿಲ್ ಹನ್ನೊಂದಕ್ಕೆ ಬಂದು ನಿಂತಿತು.

“ಯಾರು ಸತ್ತಿದ್ದು ಮೇಡಂ ಏಪ್ರಿಲ್ ಹನ್ನೊಂದಕ್ಕೆ? ಈ ಬೀದೀಲಿ ಯಾರ ಗೇಟಿನ ಮೇಲೂ ಹೊಸ ಹಾಳೆ ಇಲ್ಲ,” ಎಂದ ಗೆಂಚೊ. ಕೇಳಿ ಮುಗಿಯುವ ಮೊದಲೇ ಅವನಿಗೆ ಉತ್ತರ ಹೊಳೆದಿತ್ತು. ಬಾಯಲ್ಲಿದ್ದ ಬಟಾಣಿಯನ್ನು ಉಗುಳಿದ.

ಪ್ರಾಸಿಕ್ಯೂಟರ್ ಬೇಯಿಸಿದ ಗೋಧಿಯ ಕತೆಯನ್ನು ಪೂರ್ತಿ ಕೇಳಿದ. ಪಟ್ಟಣದವನೇ, ಆದರೂ ಕಳೆದ ಚಳಿಗಾಲದಲ್ಲಿ ಅಪ್ಪನನ್ನು ಮಣ್ಣು ಮಾಡಿದವನು. ಒಂದೂ ಪ್ರಶ್ನೆ ಕೇಳದೆ ಶೋಧನಾ ಆದೇಶಕ್ಕೆ ಸಹಿ ಹಾಕಿದ.

ಜೂನ್ ಐದು, ಬುಧವಾರ, ಮಧ್ಯಾಹ್ನ ಒಂದು ಗಂಟೆ. ಜೋರ್ನಿತ್ಸಾ ಸಂದರ್ಶನಕ್ಕೆ ಪಟ್ಟಣಕ್ಕೆ ಹೋಗಿದ್ದಳು. ಹಳ್ಳಿಯ ಮುಖ್ಯಸ್ಥ ಮತ್ತು ವೆಲಿಚ್ಕಾ ಅಜ್ಜಿಯನ್ನು ಪಂಚರನ್ನಾಗಿ ಕರೆದು ಬೀಗ ತೆಗೆಸಿದರು. ಅಡುಗೆಮನೆ ಒಪ್ಪವಾಗಿತ್ತು, ಮಹಡಿ ಒಪ್ಪವಾಗಿತ್ತು. ಪ್ರೊಫೆಸರರ ಕೋಣೆಗೆ ಮಾತ್ರ ಬೇರೆ ಬೀಗ. ಗೆಂಚೊ ಅದನ್ನು ಮುರಿದ. ಬದುಕಿದ್ದರೆ ಇಲ್ಲೇ ಇರಬೇಕು ಎಂದು ಮುತಾಫೊವಾ ಒಳಗೆ ಕಾಲಿಟ್ಟರು. ಹಾಸಿಗೆ ಖಾಲಿ.

ಪಂಚನಾಮೆಯನ್ನು ಗೆಂಚೊ ಬರೆದುಕೊಳ್ಳುತ್ತ ಹೋದ. ಮೇಜಿನ ಮೇಲೆ ಕನ್ನಡಕ, ರಕ್ತದೊತ್ತಡದ ಮಾತ್ರೆಯ ಅರ್ಧ ಖಾಲಿಯಾದ ಪಟ್ಟಿ. ಗೋಡೆಗೆ ಒರಗಿಸಿದ ಊರುಗೋಲು.

“ಮಂಡಿನೋವಿನ ಮುದುಕ ಕೋಲು ಬಿಟ್ಟು ಬಿಸಿನೀರಿಗೆ ಹೋದ್ನಂತೆ,” ಎಂದು ಗೊಣಗಿದ.

ಕುರ್ಚಿಯ ನೇರ ಮೇಲೆ, ಛಾವಣಿಯ ಮರದ ಹಲಗೆಯಲ್ಲಿ ಕುಟ್ಟಿದ ಗುರುತುಗಳು. ಹಳೆಯವು ಕಪ್ಪಾಗಿದ್ದವು. ಒಂದಿಷ್ಟು ಹೊಸವು. ಅವು ಮರದ ಬಿಳಿ ಕಾಣುವಷ್ಟು ಆಳವಾಗಿದ್ದವು, ಒಂದರ ಮೇಲೊಂದು ಬಿದ್ದಿದ್ದವು. ಯಾರೋ ಬಹಳ ಹೊತ್ತು, ಇದ್ದ ಶಕ್ತಿಯನ್ನೆಲ್ಲ ಹಾಕಿ ಕುಟ್ಟಿದ್ದರು.

ಮೇಜು, ಕಪಾಟು, ಕಿಟಕಿ, ಎಲ್ಲದರ ಮೇಲೆ ಧೂಳು. ಗೋಡೆಯ ದೊಡ್ಡ ಕನ್ನಡಿಯ ಮೇಲೆ ಮಾತ್ರ ಕಡಿಮೆ. ಮುತಾಫೊವಾ ಬೆರಳಾಡಿಸಿ ನೋಡಿದರು. ಕನ್ನಡಿಯ ಮೇಲಂಚಿನಲ್ಲಿ ಎರಡು ಚಿಕ್ಕ ಮೊಳೆ, ಒಂದರಲ್ಲಿ ಬಿಳಿ ದುಪ್ಪಟಿಯ ಎಳೆ. ಸಾವಾದ ಮನೆಯಲ್ಲಿ ಕನ್ನಡಿಗೆ ಬಟ್ಟೆ ಮುಚ್ಚುತ್ತಾರೆ, ನಲವತ್ತು ದಿನವಾದ ಮೇಲೆ ತೆಗೆಯುತ್ತಾರೆ. ವೆಲಿಚ್ಕಾ ಅಜ್ಜಿ ಹೊಸ್ತಿಲಲ್ಲೇ ನಿಂತು ಅದನ್ನು ನೋಡಿದಳು. ಮೂರು ಸಲ ಶಿಲುಬೆಯ ಗುರುತು ಮಾಡಿಕೊಂಡಳು. ನಾನು ಅವನ ಹೆಸರಲ್ಲೇ ಕೊಟ್ಟ ಗೋಧಿ ತಿಂದೆನಲ್ಲಾ ಎಂದು ಅವಳಿಗೆ ಅಳು ಒತ್ತರಿಸಿ ಬಂತು.

ಹಿತ್ತಲಲ್ಲಿ ಮೂರು ಎಪ್ರಿಕಾಟ್ ಮರ. ಊರಲ್ಲೆಲ್ಲ ಟೊಮೆಟೊ ಸಸಿ ಮೊಣಕಾಲೆತ್ತರ ಬಂದಿತ್ತು. ಇಲ್ಲಿ ಮೂರನೆಯ ಮರದ ಕೆಳಗಿನ ಒಳ್ಳೆಯ ಪಾತಿಯಲ್ಲಿ ಏನೂ ನೆಟ್ಟಿರಲಿಲ್ಲ. ಮರದ ಬುಡದಲ್ಲಿ ಮೊಸರಿನ ಪ್ಲಾಸ್ಟಿಕ್ ಡಬ್ಬಿ. ಅದರ ತುಂಬ ಮರಳು. ಮರಳಲ್ಲಿ ಉರಿದು ಮುಗಿದ ಹಳದಿ ಮೇಣದಬತ್ತಿಗಳ ತುಂಡು.

ಅಗೆಯಲು ಮುತಾಫೊವಾ ಬಿಡಲಿಲ್ಲ. “ಅವಳು ಬರ್ಲಿ,” ಎಂದರು. ವೈದ್ಯರಿಗೆ, ತಂತ್ರಜ್ಞರಿಗೆ ಫೋನು ಹೋಯಿತು. ಎಲ್ಲರೂ ಅಂಗಳದಲ್ಲಿ ಕಾದರು. ನದಿಯ ಕಡೆಯಿಂದ ಸೆಕೆಯ ಗಾಳಿ.

ಸಂಜೆಯ ಬಸ್ಸು ಬಂತು. ಜೋರ್ನಿತ್ಸಾ ಬಿಳಿ ಅಂಗಿ ತೊಟ್ಟಿದ್ದಳು, ಕೂದಲು ಬಿಗಿಯಾಗಿ ಕಟ್ಟಿದ್ದಳು. ಕೈಯಲ್ಲಿ ಪೇಸ್ಟ್ರಿ ಅಂಗಡಿಯ ಪೊಟ್ಟಣ. ಗೇಟಿನವರೆಗೆ ಅವಳ ಮುಖದಲ್ಲಿ ನಗು ಇತ್ತು. ಜೀಪು ನೋಡಿ, ವೆಲಿಚ್ಕಾ ಅಜ್ಜಿಯ ಮುಖ ನೋಡಿ, ನಗು ಹೋಯಿತು. ಓಡಲಿಲ್ಲ.

“ಸಂದರ್ಶನ ಹೇಗಾಯ್ತು?” ಮುತಾಫೊವಾ ಕೇಳಿದರು.

“ಚೆನ್ನಾಗಾಯ್ತು.”

“ಕೂತ್ಕೊ. ಮೇ ಇಪ್ಪತ್ತಕ್ಕೆ ಗೋಧಿ ಯಾರ ಹೆಸರಲ್ಲಿ ಕೊಟ್ಟೆ?”

ಅವಳು ಪೊಟ್ಟಣವನ್ನು ಬೆಂಚಿನ ಮೇಲೆ ಮೆಲ್ಲಗೆ ಇಟ್ಟಳು.

“ಬಾಯಲ್ಲಿ ಅಮ್ಮನ ಹೆಸರು ಹೇಳ್ದೆ. ಮನಸಲ್ಲಿ ಅವರದು ಹೇಳ್ದೆ.” ಆಮೇಲೆ ಅಜ್ಜಿಯ ಕಡೆ ತಿರುಗಿದಳು. “ಮನಸಲ್ಲಿ ಹೇಳಿದ್ರೆ ಮುಟ್ಟುತ್ತಾ ಅಜ್ಜಿ?”

ಅಜ್ಜಿ ಮತ್ತೆ ಶಿಲುಬೆಯ ಗುರುತು ಮಾಡಿಕೊಂಡಳು.

“ನೀನು ಕೊಂದ್ಯಾ?” ಎಂದರು ಮುತಾಫೊವಾ.

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೇನು? ಸರಿಯಾಗಿ ಹೇಳು.”

ಅವಳು ಹೇಳಿದ್ದನ್ನು ಗೆಂಚೊ ಬರೆದುಕೊಂಡ. ಐದು ವರ್ಷದ ಹಿಂದೆ ಅವಳು ಸೋಫಿಯಾದಲ್ಲಿ ಪಿಎಚ್.ಡಿ.ಗೆ ಸೇರಿದ್ದಳು. ಎರಡನೆಯ ವರ್ಷ ಅಮ್ಮನಿಗೆ ಲಕ್ವ ಹೊಡೆಯಿತು. ಯಾರಿಗೂ ಹೇಳದೆ ಬಿಟ್ಟು ಬಂದಳು, ಅವರು ಹೆಸರು ತೆಗೆದುಹಾಕಿದರು. ಅಮ್ಮ ತೀರಿಕೊಂಡ ಮೇಲೆ ಅಂಗಡಿಯಲ್ಲಿ ಕೆಲಸ, ಆಮೇಲೆ ಈ ಮನೆ. ಈ ವರ್ಷ ಅರ್ಜಿಯಲ್ಲಿ ‘ಈ ಮೊದಲು ಎಲ್ಲಾದರೂ ಪಿಎಚ್.ಡಿ.ಗೆ ದಾಖಲಾಗಿದ್ದೀರಾ?’ ಎಂಬ ಪ್ರಶ್ನೆಗೆ ಇಲ್ಲ ಎಂದು ಬರೆದಳು. ಕೆಳಗೆ, ಸುಳ್ಳು ಹೇಳಿದರೆ ಕಲಂ 313ರ ಪ್ರಕಾರ ಶಿಕ್ಷೆಯೆಂದು ಬಲ್ಲೆ ಎನ್ನುವ ಸಾಲಿಗೂ ಸಹಿ ಹಾಕಿದಳು. ಆ ಸಾಲು ನಮ್ಮಲ್ಲಿ ನಲ್ಲಿ ನೀರಿನ ಅರ್ಜಿಯಲ್ಲೂ ಇರುತ್ತದೆ. ಓದುವವರು ಯಾರು?

“ಅವರು ಓದಿದ್ರು,” ಎಂದಳು ಜೋರ್ನಿತ್ಸಾ. “ಏಪ್ರಿಲ್ ಹನ್ನೊಂದು ಸಂಜೆ ಶಿಫಾರಸಿಗೆ ಅಂತ ಅರ್ಜೀನ ಅವರ ಮುಂದೆ ಇಟ್ಟೆ. ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದ್ರು. ‘ಈ ಇಲ್ಲ ಅನ್ನೋದನ್ನ ಹೌದು ಮಾಡು, ಆಮೇಲೆ ಪೆನ್ನು ಕೊಡು’ ಅಂದ್ರು. ತೆಗೆದುಹಾಕಿದೋಳು ಅಂತ ಗೊತ್ತಾದ್ರೆ ನನ್ನ ಯಾರು ತಗೋತಾರೆ ಅಂದೆ. ಸೋಫಿಯಾದಿಂದ, ವಾರ್ನಾದಿಂದ ಎಷ್ಟು ಜನ ಬಂದಿರ್ತಾರೆ, ಚಿಕ್ಕ ಚಿಕ್ಕ ವಯಸ್ಸಿನೋರು. ಒಂದೇ ಸೀಟು. ಅವರು ಜಗ್ಗಲಿಲ್ಲ. ‘ಅಮ್ಮನ್ನ ನೋಡ್ಕೊಂಡಿದ್ದು ನಾಚಿಕೆ ವಿಷಯ ಏನೇ?’ ಅಂದ್ರು. ನಿಮ್ಮನ್ನ ಎರಡು ವರ್ಷ ನೋಡ್ಕೊಂಡಿದ್ದಕ್ಕೆ ಇದೇನಾ ಅಂತ ಕೂಗಾಡಿ ಮೇಲೆ ಹೋದೆ. ಬಾಗಿಲು ಬಡಿದೆ.”

“ಆಮೇಲೆ?”

“ಕೋಲಲ್ಲಿ ಕುಟ್ಟೋಕೆ ಶುರು ಮಾಡಿದ್ರು. ಸಿಟ್ಟಿಗೆ ಕುಟ್ತಿದಾರೆ ಅಂದ್ಕೊಂಡೆ. ಯಾವಾಗ್ಲೂ ಹಂಗೇ ಅಲ್ವಾ. ಇಳಿದು ಹೋದ್ರೆ ನಾನು ಸೋತಂಗೆ ಅಂತ ದಿಂಬು ತಲೆ ಮೇಲೆ ಇಟ್ಕೊಂಡೆ. ತುಂಬಾ ಹೊತ್ತು ಕುಟ್ಟಿದ್ರು. ಆಮೇಲೆ ನಿಲ್ಲಿಸಿದ್ರು. ನಾನು ಗೆದ್ದೆ ಅಂದ್ಕೊಂಡೆ.” ಅವಳು ಅಂಗೈಯಲ್ಲಿ ಬಾಯಿ ಒರೆಸಿಕೊಂಡಳು. “ಬೆಳಿಗ್ಗೆ ಕಾಫಿ ತಗೊಂಡು ಹೋದಾಗ ಕುರ್ಚಿ ಪಕ್ಕ ಬಿದ್ದಿದ್ರು. ತಣ್ಣಗಾಗಿದ್ರು.”

“ಡಾಕ್ಟರಿಗೆ ಯಾಕೆ ಹೇಳ್ಲಿಲ್ಲ?”

“ಹೇಳೋಣ ಅಂತ ಫೋನ್ ಕೈಗೆ ತಗೊಂಡೆ. ಹೇಳಿದ್ರೆ ಶಿಫಾರಸು ಇಲ್ಲ. ಅರ್ಜಿ ಮುಗಿದ ಮೇಲೆ ಹೇಳೋಣ ಅಂದ್ಕೊಂಡೆ. ಸಂದರ್ಶನ ಮುಗಿದ ಮೇಲೆ. ಆಮೇಲೆ ಯಾವಾಗಲೂ ಹೇಳೋಕಾಗಲ್ಲ ಅಂತ ಗೊತ್ತಾಯ್ತು.”

“ಸಹಿ ಯಾವಾಗ ಹಾಕಿದೆ?”

“ಇಪ್ಪತ್ತೆರಡಕ್ಕೆ.”

“ಆರು ವಾರ ಯಾಕೆ ಕಾದೆ?”

ಜೋರ್ನಿತ್ಸಾ ಈ ಪೊಲೀಸಿನವಳಿಗೆ ಇಷ್ಟೂ ಗೊತ್ತಿಲ್ಲವೇ ಎನ್ನುವಂತೆ ನೋಡಿದಳು.

“ನಲವತ್ತು ದಿನ ಅವರು ಮನೇಲೇ ಇದ್ರಲ್ಲ ಮೇಡಂ. ಅವರು ನೋಡ್ತಿರೋವಾಗ ಅವರ ಸಹಿ ಹೆಂಗೆ ಹಾಕ್ಲಿ?”

ಗೆಂಚೊ ಬರೆಯುವುದನ್ನು ನಿಲ್ಲಿಸಿದ್ದ.

ಅವಳೇ ಎದ್ದು ಮುಂದೆ ನಡೆದು ಮೂರನೆಯ ಮರದ ಕೆಳಗೆ ನಿಂತಳು. ಅಗೆತ ಶುರುವಾದದ್ದು ಆರೂವರೆಗೆ. ಮೊದಲು ಕಪ್ಪು ಮಣ್ಣು ಬಂತು, ಆಮೇಲೆ ಕಂದು, ಆಮೇಲೆ ಹಳದಿ. ಒಂದು ಹಿಡಿಯೂ ಬೆರೆತಿರಲಿಲ್ಲ. ಗುಂಡಿ ತೋಡಿ ಮುಚ್ಚಿದವರು ಯಾರೂ ಹಾಗೆ ಮುಚ್ಚುವುದಿಲ್ಲ. ತೊಪಾಲೊವ್ ತಮ್ಮ ವಿದ್ಯಾರ್ಥಿಗಳಿಗೆ ಮೊದಲ ದಿನ ಹೇಳಿಕೊಡುತ್ತಿದ್ದ ಪಾಠವಂತೆ ಅದು: ಭೂಮಿಯನ್ನು ತೆರೆದರೆ, ಇದ್ದ ಹಾಗೇ ಮುಚ್ಚಬೇಕು. ಕೆಳಗೆ ಅವರು ಬಿಳಿ ದುಪ್ಪಟಿಯಲ್ಲಿ ಸುತ್ತಿಕೊಂಡು ಮಲಗಿದ್ದರು. ಒಳ್ಳೆಯ ಕೋಟು ತೊಡಿಸಿದ್ದಳು, ತಲೆ ಪಶ್ಚಿಮಕ್ಕಿತ್ತು, ಕೈ ಎದೆಯ ಮೇಲೆ ಜೋಡಿಸಿತ್ತು. ಪಂಚನಾಮೆಗೆ ಅಜ್ಜಿ ಸಹಿ ಹಾಕಿದಳು. ರಾತ್ರಿಯಾಗುವ ಮೊದಲು ಜೋರ್ನಿತ್ಸಾಳನ್ನು ದಸ್ತಗಿರಿ ಮಾಡಿ ಜೀಪಿಗೆ ಹತ್ತಿಸಿದರು. ಪೇಸ್ಟ್ರಿಯ ಪೊಟ್ಟಣ ಬೆಂಚಿನ ಮೇಲೇ ಉಳಿಯಿತು.

ಜೂನ್ ಏಳರಂದು ಮರಣೋತ್ತರ ವರದಿ ಬಂತು. ಮೈಮೇಲೆ ಪೆಟ್ಟಿಲ್ಲ, ವಿಷವಿಲ್ಲ. ಹೃದಯಾಘಾತದ ಹಳೆಯ ಗುರುತಿನ ಪಕ್ಕದಲ್ಲೇ ಹೊಸ ಗುರುತು.

“ಒಂದೇ ಏಟಿಗೆ ಹೋದ್ರಾ?” ಮುತಾಫೊವಾ ವೈದ್ಯನನ್ನು ಕೇಳಿದರು.

“ಇಲ್ಲ. ಕೆಲವು ಗಂಟೆ ಇದ್ದಿರ್ಬೇಕು.”

“ಆಸ್ಪತ್ರೆಗೆ ತಂದಿದ್ರೆ?”

“ಉಳೀತಿದ್ರೋ ಏನೋ. ಕೋರ್ಟಲ್ಲಿ ಕೇಳಿದ್ರೂ ಇದನ್ನೇ ಹೇಳ್ತೀನಿ.”

ಕೊಲೆಯ ಕಲಂ ಸೇರಲಿಲ್ಲ. ಸಾವನ್ನು ಮುಚ್ಚಿಟ್ಟದ್ದು, ಶವವನ್ನು ಗುಟ್ಟಾಗಿ ಹೂತದ್ದು, ಸುಳ್ಳು ಸಹಿ, ಸುಳ್ಳು ಘೋಷಣೆ. ಆರೋಪಪಟ್ಟಿಗೆ ಇನ್ನೊಂದು ಹೇಳಿಕೆ ಬೇಕಿತ್ತು. ಕೊಸ್ತಾದಿಂಕಾ ರಾಲ್ಚೆವಾ ಕಪ್ಪು ಬಟ್ಟೆಯಲ್ಲಿ ಬಂದು ಅದೇ ಕುರ್ಚಿಯಲ್ಲಿ ಕೂತರು. ಅತ್ತು ಅತ್ತು ಕಣ್ಣು ಊದಿತ್ತು.

“ಆ ಪ್ರಶ್ನೆಗೆ ಅವಳು ಹೌದು ಅಂತ ಬರೆದಿದ್ರೆ ಸೀಟು ತಪ್ಪುತಿತ್ತಾ?”

“ಯಾಕೆ ತಪ್ಪುತ್ತೆ? ಹಿಂದೆ ಓದಿದ ವರ್ಷಗಳನ್ನ ಲೆಕ್ಕಕ್ಕೆ ಹಿಡಿಯೋಕೆ ಅಂತ ಆ ಪ್ರಶ್ನೆ. ಹೇಳಿದ್ರೆ ಅವಳಿಗೆ ಒಂದು ವರ್ಷ ಉಳೀತಿತ್ತು. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದ್ರೆ ಮಾತ್ರ ತೆಗೆದುಹಾಕ್ತೀವಿ. ನಾವು ಕೇಳೋದು ಇಷ್ಟೇ, ಇದ್ದದ್ದು ಇದ್ದ ಹಾಗೆ ಹೇಳಿ ಅಂತ.”

“ಮತ್ತೆ ಪೈಪೋಟಿ? ಎಷ್ಟು ಜನ ಇದ್ರು?”

ಕೊಸ್ತಾದಿಂಕಾ ತಲೆ ತಗ್ಗಿಸಿದರು. ಕೈಚೀಲದ ಹಿಡಿಕೆಯನ್ನು ಹಿಚುಕಿದರು.

“ಮಣ್ಣು ಯಾರಿಗೆ ಬೇಕು ಇನ್‌ಸ್ಪೆಕ್ಟರ್ ಈ ಕಾಲದಲ್ಲಿ? ಅರ್ಜಿ ಬಂದಿದ್ದು ಒಂದೇ. ಅವಳದೇ.”

ಆ ಸಂಜೆ ಜೋರ್ನಿತ್ಸಾಳನ್ನು ಜಿಲ್ಲಾ ಜೈಲಿಗೆ ಕಳಿಸಬೇಕಿತ್ತು. ಗೆಂಚೊ ಬೇಡಿ ತರಲು ಹೋದ. ಮುತಾಫೊವಾ ಲಾಕಪ್ಪಿನ ಕಂಬಿಯ ಮುಂದೆ ನಿಂತರು. ಹುಡುಗಿ ಅದೇ ಬಿಳಿ ಅಂಗಿಯಲ್ಲಿದ್ದಳು. ಇಪ್ಪತ್ತೊಂಬತ್ತು ವರ್ಷ ಎಂದರೆ ನಂಬುವಂತಿರಲಿಲ್ಲ, ಅಷ್ಟು ಚಿಕ್ಕವಳಾಗಿ ಕಂಡಳು. ಇವಳ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಹಲಗೆಯ ಮೇಲಿನ ಗುರುತುಗಳನ್ನು ನೆನೆದರೂ ಬರಲಿಲ್ಲ.

“ಮೇಡಂ, ಒಂದು ಕೇಳ್ಲಾ?”

“ಕೇಳು.”

“ಸಂದರ್ಶನದ ದಿನ ಹೊರಗೆ ಬೆಂಚಿನ ಮೇಲೆ ಬೇರೆ ಯಾರೂ ಇರ್ಲಿಲ್ಲ. ಉಳಿದೋರನ್ನ ಬೇರೆ ದಿನ ಕರೆದಿದ್ರಾ? ಎಷ್ಟು ಜನ ಇದ್ರು ನನ್ನ ಜೊತೆ?”

ಕೋರ್ಟಿನಲ್ಲಿ ಹೇಗೂ ಗೊತ್ತಾಗುತ್ತದೆ. ಅದಕ್ಕಿನ್ನೂ ಐದಾರು ತಿಂಗಳು ಇದೆ. ಬೇಡಿ ಹಿಡಿದು ಬಂದ ಗೆಂಚೊ ಅಲ್ಲೇ ನಿಂತು, ಈಗ ಮೇಡಂ ಕಡ್ಡಿ ಮುರಿದಂತೆ ಹೇಳಿಬಿಡುತ್ತಾರೆ ಎಂದು ಮುಖ ಆಚೆ ತಿರುಗಿಸಿದ.

“ತುಂಬಾ ಜನ ಇದ್ರು,” ಎಂದರು ಮುತಾಫೊವಾ.